ಬೀದರಿನ ದೋಸ್ತನಿಗೆ: ನಿಮ್ಮೂರಿಗೂ ಮೇಯರ್ ಬರ್ತಾರಂದ್ರ

ದೋಸ್ತ,

ನಿನ್ನ ಮೆಸೇಜಿಗೆ ಫೋನಿನ್ಯಾಗೇ ಎರಡು ಮಾತು ಹೇಳಿ ಕೈ ತೊಳಕೋಬಹುದಿತ್ತು. ಆದ್ರ ನೀ ಕೇಳಿದ್ದು ಎರಡು ಮಾತಿನ್ಯಾಗ ಮುಗಿಯೋದಲ್ಲ. "ನಗರಸಭೆ ಹೋಗಿ ಮಹಾನಗರ ಪಾಲಿಕೆ ಆದ್ರ ನಮಗೇನು ಬಂತು? ಅಧ್ಯಕ್ಷರ ಕುರ್ಚಿದಾಗ ಮೇಯರ್ ಬಂದು ಕುಂತ್ರ ನಳಕ್ಕ ನೀರು ಬರ್ತಾವೇನು?" ಅಂತ ಕೇಳಿದಿ. ನಾ ಏನೂ ರಾಜಕೀಯದವ ಅಲ್ಲ, ಕಲಬುರಗಿ ಟೌನ್ ಹಾಲ್ ಕಡಿ ಝೆರಾಕ್ಸ್ ಅಂಗಡಿ ಇಟ್ಕೊಂಡವ. ಖಾತಾ, ತೆರಿಗಿ, ನಳದ ಅರ್ಜಿ, ಜನನ ಪತ್ರ, ಮರಣ ಪತ್ರ ಅಂತ ಊರ ಮಂದಿ ಕಾಗದ ಎಲ್ಲಾ ನನ್ನ ಮಶೀನಿನ ಗಾಜಿನ ಮ್ಯಾಲ ಮಲಗಿ ಎದ್ದು ಹೋಗ್ಯಾವ. ಆ ಅನುಭವದ ಮ್ಯಾಲ ಬರೀಲಿಕ್ಕತ್ತೀನಿ. ಎಲ್ಲರಿಗೂ ಕಾಣೋ ಹಂಗ ಹಾಕೀನಿ, ಸಿಟ್ಟಾಗಬ್ಯಾಡ. ರಾಯಚೂರಿನವರದೂ ಇದೇ ಪ್ರಶ್ನಿ ಇದ್ದೀತು.

ಮೊದಲಿಂದ ಹೇಳ್ತೀನಿ. 2024ರ ಸೆಪ್ಟೆಂಬರ್ 17ಕ್ಕ, ಕಲ್ಯಾಣ ಕರ್ನಾಟಕ ಉತ್ಸವದ ದಿನ, ನಮ್ಮೂರಾಗ ಸಚಿವ ಸಂಪುಟದ ಸಭೆ ಆಯ್ತು. ನಿಮ್ಮ ಬೀದರ್ ಮತ್ತ ರಾಯಚೂರು ನಗರಸಭೆಗಳನ್ನ ಮಹಾನಗರ ಪಾಲಿಕೆ ಮಾಡ್ಲಿಕ್ಕ ಅಲ್ಲೇ ಒಪ್ಪಿಗಿ ಸಿಕ್ತು. ಅವತ್ತು ಎಲ್ಲಾ ದಾರಿ ಬಂದ್ ಮಾಡಿದ್ರಂತ ನಮ್ಮ ಮಂದಿ ಬೈಕೋತ ತಿರುಗಿದ್ರು, ನಿಮಗ ಪಾಲಿಕೆ ಬಂತು. ಪಾಲಿಕೆ ಆಗಬೇಕಂದ್ರ 1976ರ ಕಾಯ್ದೆ ಪ್ರಕಾರ ಊರಾಗ ಕಮ್ಮಿ ಅಂದ್ರ 3 ಲಕ್ಷ ಮಂದಿ ಇರಬೇಕು, ಅರ್ಧಕ್ಕ ಅರ್ಧ ಮಂದಿ ಒಕ್ಕಲುತನ ಬಿಟ್ಟು ಬ್ಯಾರೆ ದುಡಿಮಿ ಮ್ಯಾಲ ಬದುಕಬೇಕು. 2011ರ ಜನಗಣತಿದಾಗ ಬೀದರ್ 2 ಲಕ್ಷ ದಾಟಿತ್ತು, ಅಷ್ಟೇ. ಮತ್ತ ಲೆಕ್ಕ ಕೂಡಬೇಕಂದ್ರ ಸುತ್ತಲಿನ ಹಳ್ಳಿ ಜೋಡಿಸಬೇಕಾಗ್ತದ.

ಪ್ಯಾಟಿ ನಡುವ ಚೌಬಾರದ ಕಡಿ ಇರೋ ನಿನಗ ಇದರಿಂದ ಭಾಳ ಫರಕ್ ಬೀಳಂಗಿಲ್ಲ. ಫರಕ್ ಬೀಳೋದು ನಿಮ್ಮ ಭಾವನವರಂಥವರಿಗೆ. ಅವರ ಹಳ್ಳಿ ಪಾಲಿಕೆದಾಗ ಸೇರಿದ್ರ ಪಂಚಾಯ್ತಿಯ 9-11 ಅನ್ನೋ ಆಸ್ತಿ ಕಾಗದ ಹೋಗಿ ನಗರದ ಖಾತಾ ಬರ್ತದ. ಆಸ್ತಿ ರೇಟು ಏರಬಹುದು, ಸಾಲ ಸಿಗೋದು ಹಗುರ ಆಗಬಹುದು. ಅದರ ಸಂಗಾಟ ತೆರಿಗಿನೂ ಏರ್ತದ. ಉದ್ಯೋಗ ಖಾತ್ರಿ ಕೂಲಿ ನಿಂತು ಹೋಗ್ತದ, ಅದು ಹಳ್ಳಿಯವರಿಗಷ್ಟೇ. ಗ್ರಾಮಸಭೆನೂ ಇರಂಗಿಲ್ಲ. ಸೈಟು ಇದ್ದವರು ನಗ್ತಾರ, ಕೂಲಿ ಮ್ಯಾಲ ನಿಂತವರು ಅಳ್ತಾರ. ಇದನ್ನ ಯಾರೂ ಬ್ಯಾನರಿನ್ಯಾಗ ಬರೆಯಂಗಿಲ್ಲ ನೋಡು.

ಇನ್ನ ಮೇಯರ್ ಮಾತು. ನಿಮ್ಮ ನಗರಸಭೆ ಅಧ್ಯಕ್ಷರಿಗೆ ಕಾಯ್ದೆ 30 ತಿಂಗಳು ಕೊಟ್ಟಿತ್ತು. ಮೇಯರಿಗೆ ಕೊಡೋದು ಒಂದೇ ವರ್ಷ. ಆ ಒಂದು ವರ್ಷದಾಗ ಮೊದಲ ಎರಡು ತಿಂಗಳು ಸನ್ಮಾನದಾಗ ಹೋಗ್ತದ, ಶಾಲು ಇಡ್ಲಿಕ್ಕ ಮನ್ಯಾಗ ಜಾಗ ಇರಂಗಿಲ್ಲ. ಕಡೀ ಎರಡು ತಿಂಗಳು ಮುಂದಿನ ಮೀಸಲಾತಿ ಯಾರಿಗೆ ಬರ್ತದ ಅನ್ನೋ ಚರ್ಚಾದಾಗ ಹೋಗ್ತದ. ನಡುವ ಉಳದದ್ದರಾಗ ಮಳಿಗಾಲ ಒಂದು, ಚುನಾವಣಿ ನೀತಿ ಸಂಹಿತೆ ಒಂದು. ಅಧಿಕಾರ ಏನದ ಅಂದ್ರ, ಸಾಮಾನ್ಯ ಸಭೆ ಕರೆಯೋದು, ನಡೆಸೋದು, ಠರಾವು ಪಾಸು ಮಾಡಿಸೋದು. ಅದನ್ನ ಜಾರಿ ಮಾಡೋದು, ಟೆಂಡರ್ ಕರೆಯೋದು, ಬಿಲ್ಲಿಗೆ ಸಹಿ ಹಾಕೋದು, ನೌಕರರನ್ನ ಹಿಡಿತದಾಗ ಇಡೋದು ಎಲ್ಲಾ ಸರ್ಕಾರ ಕಳಿಸಿದ ಆಯುಕ್ತರದ್ದು. ನಿಮ್ಮಲ್ಲಿ ಪೌರಾಯುಕ್ತರು ಇದ್ರಲ್ಲ, ಆ ಕುರ್ಚಿನೇ ಇನ್ನಷ್ಟು ದೊಡ್ಡದಾಗ್ತದ. ಮೇಯರ್ ಅಂದ್ರ ಮದುವಿ ಮನ್ಯಾಗಿನ ಮದಲಿಂಗ ಇದ್ದಂಗ, ಎಲ್ಲರ ಕಣ್ಣು ಅವನ ಮ್ಯಾಲ, ಖರ್ಚಿನ ಚೀಲ ಬ್ಯಾರೆಯವರ ಬಗಲಾಗ.

ಆ ಕುರ್ಚಿ ಸಲುವಾಗಿ ನಮ್ಮಲ್ಲಿ ಆಗಿದ್ದು ಕೇಳು. 2021ರ ಸೆಪ್ಟೆಂಬರಿನ್ಯಾಗ 55 ವಾರ್ಡಿಗೆ ಮತದಾನ ಆಯ್ತು. ಕಾಂಗ್ರೆಸ್ಸಿಗೆ 27, ಬಿಜೆಪಿಗೆ 23, ಜೆಡಿಎಸ್‌ಗೆ 4, ಪಕ್ಷೇತರ ಒಬ್ಬರು. ಯಾರಿಗೂ ಬಹುಮತ ಇಲ್ಲ. ಅದಾದ ಮ್ಯಾಲ ಮೀಸಲಾತಿ ಅಂತ, ಕೋರ್ಟು ಅಂತ ಎಳದು ಎಳದು ಮೇಯರ್ ಆರಿಸಿದ್ದು 2023ರ ಮಾರ್ಚಿನ್ಯಾಗ. ಅಲ್ಲೀತನ ಗೆದ್ದ ಸದಸ್ಯರು ಗೆದ್ದವರಂತ ಹೆಸರಿಗಷ್ಟೇ ಇದ್ರು, ವಾರ್ಡಿನ ಮಂದಿ ಬೈಗುಳ ಮಾತ್ರ ಪೂರಾ ತಿಂದ್ರು. ಕಡೀಗೆ ಬಿಜೆಪಿ 33ಕ್ಕ 32ರ ಮ್ಯಾಲ, ಒಂದೇ ಒಂದು ಮತದಾಗ ಗೆಲ್ತು. 55 ವಾರ್ಡು, 65 ಮತ ಹೆಂಗ ಅಂತ ಕೇಳ್ತಿ. ಸಂಸದರು, ಶಾಸಕರು, ಪರಿಷತ್ತಿನವರೂ ಅಲ್ಲಿ ಕೈ ಎತ್ತಬಹುದು. ವಾರ್ಡಿನ ಮಂದಿ ಆರಿಸಿದ್ದು ಒಂದು ಲೆಕ್ಕ, ಕುರ್ಚಿಗೆ ಬೇಕಾದ್ದು ಇನ್ನೊಂದು ಲೆಕ್ಕ. ನಿಮ್ಮಲ್ಲಿ ಚುನಾವಣಿ ಆದ ದಿನ ಪಟಾಕಿ ಹೊಡದು ಮನಿಗೆ ಹೋಗಬ್ಯಾಡ್ರಿ ಅನ್ನೋದು ಇದಕ್ಕ.

ಇಷ್ಟು ಕೇಳಿ ನೀ ಅಂತಿ, ಮತ್ತ ಮೇಯರ್ ಯಾಕ ಬೇಕು? ಬೇಕು. ಯಾಕಂದ್ರ ಊರ ಕೆಲಸದ ಸುದ್ದಿ ಎಲ್ಲಾ ಒಂದೇ ಕಡಿ ಕೂಡಿಸಿ ಮಂದಿಗೆ ಹೇಳ್ಲಿಕ್ಕ ಅವರನ್ನ ಬಿಟ್ಟು ಬ್ಯಾರೆ ಯಾರೂ ಇಲ್ಲ. ನಮ್ಮಲ್ಲಿ ಒಂದು ರಸ್ತಿ ತಗೋ. ಅದು ಪಾಲಿಕೆದೋ, ಲೋಕೋಪಯೋಗಿದೋ? ಮ್ಯಾಲ ಹಾಕಿದ ಡಾಂಬರು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ದುಡ್ಡೋ, ಹಣಕಾಸು ಆಯೋಗದ್ದೋ? ಸಂವಿಧಾನದಾಗ ನಮ್ಮ ಭಾಗಕ್ಕಂತ 371(ಜೆ) ಕಲಂ ಬಂದ ಮ್ಯಾಲ ಇಲ್ಲಿನ ಏಳು ಜಿಲ್ಲಾಕ್ಕ ಮಂಡಳಿ ಕೊಡೋ ದುಡ್ಡೇ ಬ್ಯಾರೆ, ಅದರ ಮ್ಯಾಲ ಮೇಯರ್ ಮಾತು ನಡೆಯಂಗಿಲ್ಲ, ಶಾಸಕರದೇ ನಡೆಯೋದು. ಕೆಳಗಿನ ನೀರಿನ ಪೈಪು ವಿಶ್ವಬ್ಯಾಂಕ್ ಸಾಲದ ಯೋಜನಾದ್ದು. ಹೋಗೋ ಮಂದಿಗೆ ಕಾಣೋದು ತೆಗ್ಗು ಒಂದೇ. ಯಾರನ್ನ ಕೇಳಬೇಕು ಅನ್ನೋದೇ ತಿಳಿಯದ ಊರಾಗ ಎಲ್ಲರನ್ನೂ ಬೈಯೋದು ಹಗುರ, ಒಬ್ಬರಿಂದ ಕೆಲಸ ತಗೊಳೋದು ವಜ್ಜ.

ಏಪ್ರಿಲ್ ತಿಂಗಳಾಗ ನನ್ನ ಅಂಗಡಿ ಮುಂದ ಬಂದು ನಿಂದ್ರು, ತಿಳೀತದ. ಆ ತಿಂಗಳಾಗ ಆಸ್ತಿ ತೆರಿಗಿ ಪೂರಾ ಕಟ್ಟಿದ್ರ ನೂರಕ್ಕ 5 ರಿಯಾಯಿತಿ. ಅದೇ ಏಪ್ರಿಲ್, ಮೇ ಎರಡು ತಿಂಗಳು ನಮ್ಮ ಕಡಿ ಬಿಸಲಿಗೆ ಸರ್ಕಾರಿ ಆಫೀಸು ಮುಂಜಾನಿ 8ಕ್ಕ ತೆರದು ಮಧ್ಯಾಹ್ನ ಒಂದೂವರಿಗೆ ಬಂದ್. ನಲವತ್ತರ ಮ್ಯಾಲಿನ ಬಿಸಲು, ತಲಿ ಮ್ಯಾಲ ಟವೆಲ್, ಕೈಯಾಗ ಹಳೀ ರಸೀದಿ, ಎಲ್ಲರಿಗೂ ಒಂದೂವರಿ ಒಳಗ ಮುಗೀಬೇಕು. ಹಿಂಗೇ ಒಂದು ದಿನ ಬ್ರಹ್ಮಪುರದ ಕಡಿಂದ ಒಬ್ಬಾಕಿ ಆಯಿ ಬಂದ್ಲು. ರಸೀದಿ ನನ್ನ ಮುಂದ ಹಾಸಿ ಬಟ್ಟಿಟ್ಟು ಒಂದೊಂದೇ ಸಾಲು ಕೇಳಿದ್ಲು. ಆರೋಗ್ಯ ಕರ ನೂರಕ್ಕ 15, ಗ್ರಂಥಾಲಯ ಕರ 6, ಭಿಕ್ಷುಕರ ಕರ 3. ಸಾವಿರ ರೂಪಾಯಿ ತೆರಿಗಿ ಇದ್ರ ಈ ಮೂರರದೇ 240 ಆಯ್ತು.

"ತಮ್ಮಾ, ನಾ ಓದಾಕಿ ಅಲ್ಲ, ಲೈಬ್ರರಿಗೆ ಯಾಕ ಕೊಡ್ಬೇಕು? ಭಿಕ್ಷುಕರಿಗೆ ನಾ ದಿನಾ ರೊಟ್ಟಿ ಹಾಕ್ತೀನಿ, ಇಲ್ಲೂ ಕೊಡ್ಬೇಕೇನು?"

ನಾ ಹೇಳ್ದೆ, ಆಯಿ, ಈ ದುಡ್ಡು ಇಲ್ಲಿ ಉಳಿಯೋದಲ್ಲ, ಲೈಬ್ರರಿದು ಗ್ರಂಥಾಲಯದವರಿಗೆ ಹೋಗ್ತದ, ಭಿಕ್ಷುಕರದು ನಿರಾಶ್ರಿತರ ಕೇಂದ್ರ ನಡೆಸೋರಿಗೆ ಹೋಗ್ತದ, ಇವರು ವಸೂಲಿ ಮಾಡೋರಷ್ಟೇ. ಆಕಿ ರಸೀದಿ ನಾಕು ಮಡಿಕಿ ಮಾಡಿ ಕುಪ್ಪಸದಾಗ ಇಟ್ಕೊಂಡು, "ಹಂಗಂತ ಒಂದು ಚೀಟಿ ಬರದು ಮನಿಗೆ ಕಳಿಸಿದ್ರ ಇವರ ಗಂಟೇನು ಹೋಗ್ತಿತ್ತು?" ಅಂದ್ಲು. ಖರೇ ಹೇಳ್ತೀನಿ, ಪಾಲಿಕೆ ಬಗ್ಗೆ ನಾ ಕೇಳಿದ ಭಾಷಣದಾಗೆಲ್ಲ ಇಷ್ಟು ನೆಟ್ಟಗಿನ ಮಾತು ಕೇಳಿಲ್ಲ.

ಅದಕ್ಕ ನಿಮ್ಮ ಮೊದಲ ಮೇಯರಿಗೆ ನೀವು ಕೇಳಬೇಕಾದ್ದು ಒಂದೇ. ತಿಂಗಳಿಗೊಮ್ಮೆ ಊರಿಗೆ ಒಂದು ಪತ್ರ ಬರೀರಿ ಅಂತ. ಜನ್ಮದಿನದ ಫ್ಲೆಕ್ಸ್ ಬ್ಯಾಡ, ಹಬ್ಬದ ಶುಭಾಶಯದ ಬ್ಯಾನರ್ ಬ್ಯಾಡ, ನಮಸ್ಕಾರ ಮಾಡೋ ಫೋಟೊ ಊರ ತುಂಬಾ ಇದ್ದೇ ಇರ್ತಾವ. ಎರಡು ಪುಟದ ಪತ್ರ ಸಾಕು, ಕನ್ನಡದಾಗ, ನಿಮ್ಮಲ್ಲಿ ಉರ್ದು, ಮರಾಠಿ ಓದೋರೂ ಇದ್ದಾರ, ಅವರಿಗೂ ತಿಳಿಯೋ ಹಂಗ. ಪಡಿತರ ಅಂಗಡಿಗೆ ಒಂದು ಅಂಟಿಸ್ರಿ, ಬಸ್ ಸ್ಟ್ಯಾಂಡಿಗೆ ಒಂದು, ಫೋನಿನ್ಯಾಗ ಒಂದು ಬಿಡ್ರಿ.

ಅದರಾಗ ಏನಿರಬೇಕು? ಮೊದಲು ನೀರು. ನಮ್ಮೂರಿಗೆ ಭೀಮಾದಿಂದ, ಬೆಣ್ಣೆತೊರಾದಿಂದ ಬರ್ತಾವ. ಬ್ಯಾಸಗಿದಾಗ ಭೀಮಾ ಬತ್ತಿದ್ರ ಮ್ಯಾಲ ಮಹಾರಾಷ್ಟ್ರದ ಉಜ್ಜನಿ ಡ್ಯಾಮ್ ಕಡಿ ನೋಡಬೇಕು, ಇಲ್ಲಂದ್ರ ನಾರಾಯಣಪುರದ ನೀರು ಕಾಲುವಿಯಿಂದ ಭೀಮಾಕ್ಕ ಬಿಡ್ರಿ ಅಂತ ಬೇಡಬೇಕು. ಇಷ್ಟು ದೂರದ ಕಥಿ ಮಂದಿಗೆ ಹೇಳಿದ್ರ ಅವರೂ ಕೊಡ ಎಣಿಸಿ ತುಂಬ್ತಾರ. ಹೇಳದಿದ್ರ ನಳ ತಿರುವಿ ವಾಲ್ವ್‌ಮನ್‌ಗೆ ಬೈತಾರ. ಆ ಬಡವ ಏನು ಮಾಡ್ಯಾನು, ಅವನ ಕೈಯಾಗ ಇರೋದು ಒಂದು ಚಾವಿ. ನಮ್ಮಲ್ಲಿ 2008ರ ಹೊತ್ತಿಗೆ ಕೆಲವು ವಾರ್ಡಿಗೆ 24 ತಾಸು ನೀರು ಕೊಟ್ಟು ತೋರಿಸಿದ್ರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿದಾಗೂ ಅದೇ ಹೊತ್ತಿಗೆ. ಆ ಓಣಿಯವರು ಹೆಣ್ಣು ಕೊಡ್ಲಿಕ್ಕ, ತರ್ಲಿಕ್ಕ ಅದನ್ನೊಂದು ದೊಡ್ಡಸ್ತಿಕಿ ಮಾಡ್ಕೊಂಡಿದ್ರು. ಉಳಿದ ಓಣಿಗಳಿಗೆ ಆ ಕೆಲಸ ಎಲ್ಲೀತನ ಬಂತು, ಮುಂದಿನ ತಿಂಗಳು ಯಾವ ರಸ್ತಿ ಅಗೀತಾರ, ಅಗದದ್ದು ಯಾವಾಗ ಮುಚ್ಚತಾರ, ಇದೇ ಮೇಯರ್ ಪತ್ರದ ಮೊದಲ ಸುದ್ದಿ ಆಗಬೇಕು. ನಿಮಗ ಕಾರಂಜಾ ಡ್ಯಾಮ್ ಅದ, ಅದರ ಮಟ್ಟ ಎಷ್ಟು ಅಂತ ಒಂದು ಸಾಲು ಬರದ್ರ ಸಾಕು. ಬಹಮನಿ ಕಾಲದವರು ನೌಬಾದ್ ಕಡಿ ನೆಲದಾಗ ಸುರಂಗ ಕೊರದು ನೀರು ತಂದ ಊರು ನಿಮ್ಮದು, ಅಷ್ಟಾದ್ರೂ ಕೇಳೋ ಹಕ್ಕು ಅದ.

ಎರಡನೇದು ಠರಾವಿನ ಲೆಕ್ಕ. ಪಾಲಿಕೆ ಸಾಮಾನ್ಯ ಸಭೆ ತಿಂಗಳಿಗೊಮ್ಮೆ ಆಗಬೇಕು, ಊರ ಮಂದಿನೂ ಹೋಗಿ ಕೂಡಬಹುದು. ನಮ್ಮಲ್ಲಿ ಇಂದಿರಾ ಸ್ಮಾರಕ ಭವನದಾಗ ಆಗ್ತದ. ಒಮ್ಮೆ ಬಂದು ನೋಡು. ಮೇಯರ್ ಗೌನು ಹಾಕ್ಕೊಂಡು ಮ್ಯಾಲ ಕುಂತಿರ್ತಾರ, ಸದಸ್ಯರು ಮೈಕ್ ಬಿಟ್ಟು ಸದನದ ಬಾವಿಗಿಳೀತಾರ, ಚರಂಡಿ ಮಾತು ಎದ್ದದ್ದು ಪಕ್ಷದ ಮಾತಾಗಿ ಹೊರಳ್ತದ, ಊಟದ ಹೊತ್ತಿಗೆ ವಿಷಯ ಪಟ್ಟಿದಾಗಿನ ಹತ್ತು ವಿಷಯ ಒಂದೇ ಉಸುರಿಗೆ ಪಾಸ್. ಮರುದಿನ ಪೇಪರಿನ್ಯಾಗ ಬರೋದು ಗದ್ದಲದ ಫೋಟೊ. ಪಾಸಾದ ಹತ್ತು ಏನಾದವು ಅಂತ ಮೇಯರೇ ಬರೀಬೇಕು. ಹೋದ ತಿಂಗಳು ಪಾಸಾಗಿದ್ದು ಇಷ್ಟು, ಆಯುಕ್ತರು ಜಾರಿ ಮಾಡಿದ್ದು ಇಷ್ಟು, ಉಳದದ್ದಕ್ಕ ಕಾರಣ ಇದು. ಕೈಯಾಗ ಅಧಿಕಾರ ಇಲ್ಲ ಅಂತ ಮೇಯರ್‌ಗಳು ಅಳ್ತಾರಲ್ಲ, ಈ ಒಂದು ಪಟ್ಟಿ ತಿಂಗಳಾ ಹೊರಬಿದ್ರ ಅದಕ್ಕಿಂತ ದೊಡ್ಡ ಅಧಿಕಾರ ಬ್ಯಾರೆ ಬೇಕಾಗಿಲ್ಲ.

ಬೀದಿ ದೀಪ, ನಾಯಿ, ಕಸದ ಗಾಡಿ ಹೊತ್ತು, ಇವು ಸಣ್ಣ ಸುದ್ದಿ, ಸಣ್ಣದಾಗೇ ಬರೀಲಿ.

ಕೆಲಸ ಮಾಡ್ಲಿಕ್ಕ ಇವರಿಗೆ ಬರಂಗಿಲ್ಲ ಅಂತ ನಾ ಒಪ್ಪಂಗಿಲ್ಲ. ಹೋಳಿ ಆದ ಮ್ಯಾಲ ನಮ್ಮ ಶರಣಬಸವೇಶ್ವರ ಜಾತ್ರಿ ಬರ್ತದ, ಬಂದೇನವಾಜ್ ಉರುಸು ಬರ್ತದ. ಆ ಹೊತ್ತಿಗೆ ನೋಡು, ರಾತ್ರೋರಾತ್ರಿ ತೆಗ್ಗು ಮುಚ್ಚತಾವ, ದೀಪ ಹತ್ತತಾವ, ನೀರಿನ ಟ್ಯಾಂಕರ್ ಬಂದು ನಿಂದರ್ತದ, ಪೌರಕಾರ್ಮಿಕರು ಲಕ್ಷ ಮಂದಿ ತುಳದ ರಸ್ತಿ ಹೊತ್ತು ಹುಟ್ಟೋದ್ರಾಗ ಹಸನ ಮಾಡಿ ಹೋಗಿರ್ತಾರ. ಜಾತ್ರಿಗೆ ಆಗೋದು ಉಳಿದ ದಿನಕ್ಕ ಯಾಕ ಆಗಂಗಿಲ್ಲ? ಜಾತ್ರಿಗೆ ತಾರೀಖು ಅದ, ಎಲ್ಲರೂ ನೋಡ್ತಾರ. ಪತ್ರನೂ ಹಂಗೇ ಒಂದು ತಾರೀಖು.

ಒಂದು ಮಾತು ನೀನೂ ನೆನಪಿಟ್ಕೋ. ಕಾಯ್ದೆದಾಗ ವಾರ್ಡ್ ಸಮಿತಿ ಅಂತ ಅದ. ವಾರ್ಡಿನ ಸದಸ್ಯರೇ ಅಧ್ಯಕ್ಷರು, ಅವರ ಸಂಗಾಟ ಹತ್ತು ಮಂದಿ. ಅದರಾಗ ಮೂವರು ಹೆಣ್ಣುಮಕ್ಕಳು, ಇಬ್ಬರು ಪರಿಶಿಷ್ಟರು, ಇಬ್ಬರು ಬಡಾವಣಿ ಸಂಘದವರು. ಸಮಿತಿ ಮಾಡ್ರಿ ಅಂತ ಬೆನ್ನು ಹತ್ತಿ ಕೇಳೋರು ಇಲ್ಲದಿದ್ರ ಅದು ಕಾಗದದಾಗೇ ಉಳೀತದ. ನಿನಗ ನಿವೃತ್ತಿ ಆಗ್ಯಾದ, ಮುಂಜಾನಿ ಕೋಟೆ ಕಡಿ ವಾಕಿಂಗ್ ಹೋಗಿ ಬಂದು ಪೇಪರ್ ಓದಿ ಸರ್ಕಾರಕ್ಕ ಬೈಯೋದೇ ಕೆಲಸ. ಒಂದು ಅರ್ಜಿ ಹಾಕು. ವೈನಿ ಹೆಸರೂ ಕೊಡು, ನಿನಗಿಂತ ಅವರು ನೆಟ್ಟಗ ಮಾತಾಡ್ತಾರ.

ಭಾವನವರಿಗೆ ಹೇಳು, ಈಗಿರೋ 9-11, ಕಡೀ ವರ್ಷದ ತೆರಿಗಿ ರಸೀದಿ, ಕರೆಂಟ್ ಬಿಲ್ಲು ಮೂರರದೂ ಎರಡೆರಡು ಪ್ರತಿ ತೆಗೆದಿಡ್ಲಿ. ದಫ್ತರ ಪಂಚಾಯ್ತಿಯಿಂದ ನಗರಕ್ಕ ಹೋಗೋವಾಗ ಕಾಗದ ಎಲ್ಲರೆ ಕಳೀತಾವ, ಆಮ್ಯಾಲ ಓಡಾಟ ಇವರದೇ. ಝೆರಾಕ್ಸ್ ರೊಕ್ಕ ನಾ ತಗೊಳಂಗಿಲ್ಲ, ನಮ್ಮೂರಿಗೆ ಬಂದ್ರ ಮನಿಗೇ ಬರ್ರಿ ಅನ್ನು, ಊಟಕ್ಕ ರೊಟ್ಟಿ, ಪುಂಡಿಪಲ್ಯ ಇರ್ತದ.

ನಿನ್ನ ದೋಸ್ತ,
ಕಲಬುರಗಿಯಿಂದ