ಉಣ್ಣೆಯಿಂದ ಎದ್ದ ಊರಿನಲ್ಲಿ ಬಟ್ಟೆ ಖರೀದಿ

ಈಸ್ಟರ್ ರಜೆ ಹತ್ತಿರವಾದಂತೆ ಜರ್ಮನಿಯಲ್ಲಿರುವ ನಮ್ಮ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಪ್ರಶ್ನೆ ತಪ್ಪದೆ ಕಾಣಿಸಿಕೊಳ್ಳುತ್ತದೆ: "ಫ್ಲಾರೆನ್ಸ್‌ಗೆ ಹೋಗುತ್ತಿದ್ದೇವೆ, ಔಟ್‌ಲೆಟ್‌ಗೆ ಬಸ್ ಎಲ್ಲಿ ಸಿಗುತ್ತದೆ?" ಉತ್ತರ ಸುಲಭ. ಇಟಲಿಯ ಆ ಊರಿನ ಸಾಂತಾ ಮರಿಯಾ ನೊವೆಲ್ಲಾ ರೈಲು ನಿಲ್ದಾಣದ ಬಳಿಯೇ ಸಿಗುತ್ತದೆ. ಸುಮಾರು 30 ಕಿಲೋಮೀಟರ್ ದೂರದ ಲೆಚ್ಚೊ ಎಂಬ ಹಳ್ಳಿಯ ಪಕ್ಕದಲ್ಲಿ 'ದಿ ಮಾಲ್' ಎಂಬ ಆ ಔಟ್‌ಲೆಟ್ ಇದೆ. ಗುಚ್ಚಿ, ಪ್ರಾಡಾ ಮುಂತಾದ ದುಬಾರಿ ಬ್ರಾಂಡುಗಳವರ ಹಿಂದಿನ ಋತುವಿನ ಸರಕು ಅಲ್ಲಿ ಕಡಿಮೆ ಬೆಲೆಗೆ ದೊರೆಯುತ್ತದೆ. ಕಡಿಮೆ ಎಂದರೆ ಅವರ ಲೆಕ್ಕದಲ್ಲಿ ಕಡಿಮೆ. ಅದಕ್ಕೆಂದೇ ಹೋಗುವವರನ್ನು ನಾನು ತಡೆಯುವುದಿಲ್ಲ. ಆದರೆ ಎರಡು ದಿನಕ್ಕೆ ಫ್ಲಾರೆನ್ಸ್ ನೋಡಲು ಬಂದವರು ಅರ್ಧ ದಿನವನ್ನು ಹೆದ್ದಾರಿಯ ಬದಿಯ ಅಂಗಡಿ ಸಾಲಿನಲ್ಲಿ ಕಳೆಯುವುದು ನನಗೆ ಒಗ್ಗದ ಮಾತು. ಅಂಥ ಅಂಗಡಿ ಸಾಲು ನಮ್ಮ ಜರ್ಮನಿಯಲ್ಲೂ ಇದೆ. ಇಲ್ಲಿ ಸಿಗದ ಬಟ್ಟೆ, ಚರ್ಮದ ಅಂಗಡಿಗಳು ಫ್ಲಾರೆನ್ಸ್ ಊರೊಳಗೇ ಇವೆ.

ಆ ಊರು ಕಟ್ಟಿದ್ದೇ ಬಟ್ಟೆಯ ದುಡ್ಡಿನಿಂದ. ಅಂದಿನ ಚರಿತ್ರಕಾರ ಜೊವಾನ್ನಿ ವಿಲ್ಲಾನಿ 1338ರ ಹೊತ್ತಿಗೆ ಕೊಟ್ಟಿರುವ ಲೆಕ್ಕದ ಪ್ರಕಾರ ಅಲ್ಲಿ 200ಕ್ಕೂ ಹೆಚ್ಚು ಉಣ್ಣೆ ಕಾರ್ಖಾನೆಗಳಿದ್ದವು, ವರ್ಷಕ್ಕೆ 70ರಿಂದ 80 ಸಾವಿರ ಥಾನು ಬಟ್ಟೆ ತಯಾರಾಗುತ್ತಿತ್ತು, 30,000ಕ್ಕಿಂತ ಹೆಚ್ಚು ಜನ ಅದರಿಂದ ಹೊಟ್ಟೆ ಹೊರೆಯುತ್ತಿದ್ದರು. ಇಂಗ್ಲೆಂಡಿನಿಂದ ಉಣ್ಣೆ ಬರುತ್ತಿತ್ತು, ಅರ್ನೊ ನದಿಯ ನೀರಿನಲ್ಲಿ ತೊಳೆದು ಬಣ್ಣ ಹಾಕುತ್ತಿದ್ದರು. ಕೆಂಪು ಗುಮ್ಮಟದ ಆ ಮಹಾ ಚರ್ಚಿನ ನಿರ್ಮಾಣದ ಉಸ್ತುವಾರಿ ಹೊತ್ತಿದ್ದು ಉಣ್ಣೆ ವರ್ತಕರ ಸಂಘ. ಗೋಡೆಗಳ ಮೇಲೆ ಅವರ ಲಾಂಛನವಾದ ಕುರಿಮರಿ ಇಂದಿಗೂ ಕಾಣುತ್ತದೆ. ದುಡ್ಡು ಮೇಲೆ ಹೋದಷ್ಟು ಕೆಳಗೆ ಇಳಿಯಲಿಲ್ಲ ಎನ್ನುವುದೂ ನಿಜ. 1378ರಲ್ಲಿ ಉಣ್ಣೆ ಹಿಂಜುವ ಕೂಲಿಗಳು ಬಂಡೆದ್ದು ನಗರದ ಆಡಳಿತವನ್ನೇ ಕೆಲಕಾಲ ಕೈಗೆ ತೆಗೆದುಕೊಂಡಿದ್ದರು.

ಇನ್ನು ಅಂಗಡಿಗಳ ವಿಷಯ. ವಿಯಾ ತೊರ್ನಬುವೊನಿ ದುಬಾರಿ ಹೆಸರುಗಳ ಬೀದಿ. ಅಲ್ಲಿ ಕೊಳ್ಳುವ ಶಕ್ತಿ ಇರುವವರಿಗೆ ನನ್ನ ಸಲಹೆ ಬೇಕಿಲ್ಲ. ಇಲ್ಲದವರು ಕಿಟಕಿ ನೋಡುತ್ತಾ ನದಿಯ ಕಡೆ ನಡೆದು, ಕೊನೆಯಲ್ಲಿ ಕೋಟೆಯಂತೆ ನಿಂತಿರುವ ಪಲಾಜ್ಜೊ ಸ್ಪಿನಿ ಫೆರೋನಿಯ ನೆಲಮಾಳಿಗೆಗೆ ಇಳಿಯಿರಿ. ಅಲ್ಲಿ ಸಾಲ್ವತೋರೆ ಫೆರಗಾಮೊನ ಪಾದರಕ್ಷೆಗಳ ಸಂಗ್ರಹಾಲಯವಿದೆ. ನೇಪಲ್ಸ್ ಕಡೆಯ ಬಡ ಹಳ್ಳಿಯ ಈ ಹುಡುಗ ಅಮೆರಿಕಕ್ಕೆ ಹೋಗಿ ಹಾಲಿವುಡ್ ನಟಿಯರಿಗೆ ಚಪ್ಪಲಿ ಹೊಲಿದು, 1927ರಲ್ಲಿ ಫ್ಲಾರೆನ್ಸ್‌ಗೆ ಬಂದು ನೆಲೆಸಿದ. ನುರಿತ ಕೈಗಳು ಅಲ್ಲಿ ಸಿಗುತ್ತವೆ ಎಂಬುದೇ ಕಾರಣ. ಇಥಿಯೋಪಿಯಾದ ಮೇಲೆ ಮುಸೊಲಿನಿ ದಾಳಿ ಮಾಡಿದ ಮೇಲೆ ಇಟಲಿಯ ಮೇಲೆ ನಿರ್ಬಂಧಗಳು ಬಿದ್ದು ಒಳ್ಳೆಯ ಉಕ್ಕು ಸಿಗದಾಯಿತು. ಎತ್ತರದ ಹಿಮ್ಮಡಿಗೆ ಆಧಾರವಾಗುವ ಉಕ್ಕಿನ ಪಟ್ಟಿ ಇಲ್ಲದಿದ್ದರೇನು ಎಂದು ಆತ ಪಾದದ ಕೆಳಗಿನ ಜಾಗವನ್ನೆಲ್ಲ ಬೆಂಡಿನಿಂದ ತುಂಬಿದ. ಇಂದು ನಮ್ಮ ಹೆಂಗಸರು ಮದುವೆ ಮನೆಗಳಿಗೆ ಹಾಕಿಕೊಂಡು ಹೋಗುವ ವೆಡ್ಜ್ ಹೀಲ್ ಚಪ್ಪಲಿಯ ಚರಿತ್ರೆ ಅದು. ಚರ್ಮ ಸಾಲದಾದಾಗ ನಾರು, ಮಿಠಾಯಿ ಸುತ್ತುವ ಸೆಲೊಫೇನ್ ಕಾಗದ ಇವುಗಳಿಂದಲೂ ಮೇಲ್ಭಾಗ ಮಾಡಿದ. 1947ರಲ್ಲಿ ನೈಲಾನ್ ಎಳೆಗಳ 'ಕಾಣದ ಚಪ್ಪಲಿ' ಬಂತು. ಇದೇ ಊರಿನ ಗುಚ್ಚಿ ಮನೆತನ ಬಿದಿರಿನ ಹಿಡಿಕೆಯ ಚೀಲ ಮಾಡಿದ್ದೂ ಅದೇ ಕಾಲದ ಅಭಾವದಲ್ಲಿ. ಇವನ್ನೆಲ್ಲ ನೋಡಿದ ಮೇಲೆ ಬೀದಿಯ ಗಾಜಿನ ಹಿಂದಿನ ಚೀಲಗಳ ಬೆಲೆ ಚೀಟಿ ಅಷ್ಟೊಂದು ಹೆದರಿಸುವುದಿಲ್ಲ. ಕೊಳ್ಳುವಂತೆಯೂ ಮಾಡುವುದಿಲ್ಲ, ಅದು ಬೇರೆ.

ಹೆಚ್ಚಿನವರು ಹೋಗುವುದು ಸಾನ್ ಲೊರೆಂಜೊ ಕಡೆಗೆ. 1874ರ ಕಬ್ಬಿಣ-ಗಾಜಿನ ದೊಡ್ಡ ಮಾರುಕಟ್ಟೆ ಕಟ್ಟಡದ ಸುತ್ತ ಜಾಕೆಟ್, ಚೀಲ, ಬೆಲ್ಟುಗಳ ಗಾಡಿ ಅಂಗಡಿಗಳಿವೆ. ಚೌಕಾಸಿ ನಡೆಯುತ್ತದೆ, ಹಿಂದಿ ಬಲ್ಲ ಬಾಂಗ್ಲಾದೇಶದ ವ್ಯಾಪಾರಿ ಸಿಕ್ಕರೆ ಇನ್ನೂ ಚೆನ್ನಾಗಿ ನಡೆಯುತ್ತದೆ. ಆದರೆ 'ಅಣ್ಣ' ಎಂದು ಕರೆದ ಮಾತ್ರಕ್ಕೆ ಚರ್ಮ ಒಳ್ಳೆಯದಾಗುವುದಿಲ್ಲ. ಹತ್ತು ಯೂರೋಗೆ ಪಶ್ಮಿನಾ ಶಾಲು ಎಂದರೆ ಅದು ಪಶ್ಮಿನಾ ಅಲ್ಲ. ಮೂವತ್ತು ಯೂರೋಗೆ 'ಕೈಯಲ್ಲಿ ಹೊಲಿದ' ಚೀಲ ಎಂದರೆ ಯಾರ ಕೈ ಎಂದು ಕೇಳಬೇಕು. ಚೀಲದ ಅಂಚನ್ನು ನೋಡಿ: ಪ್ಲಾಸ್ಟಿಕ್ ಬಣ್ಣ ದಪ್ಪಗೆ ಬಳಿದು ಮುಚ್ಚಿದ್ದರೆ ಒಳಗೇನಿದೆ ಎಂದು ತಿಳಿಯದು. ಚರ್ಮದ ಪದರ ಕಾಣುವಂತಿದ್ದರೆ ಮಾರುವವನಿಗೆ ಮುಚ್ಚಿಡುವಂಥದ್ದೇನಿಲ್ಲ. ಬೂಟುಗಳಿಗೆ ಯುರೋಪಿನ ನಿಯಮದಂತೆ ಚಿಕ್ಕ ಚಿತ್ರಗಳ ಚೀಟಿ ಇರಲೇಬೇಕು. ಹರಡಿದ ತೊಗಲಿನ ಚಿತ್ರವಿದ್ದರೆ ಚರ್ಮ, ಬರಿಯ ವಜ್ರಾಕೃತಿ ಇದ್ದರೆ ಚರ್ಮವೂ ಅಲ್ಲ, ಬಟ್ಟೆಯೂ ಅಲ್ಲ. ಪಾದಚಾರಿ ಮಾರ್ಗದಲ್ಲಿ ಹಾಸಿಟ್ಟು ಮಾರುವ ನಕಲಿ ಬ್ರಾಂಡ್ ಚೀಲಗಳ ಕಡೆ ಮಾತ್ರ ತಲೆಯನ್ನೂ ತಿರುಗಿಸಬೇಡಿ. ಇಟಲಿಯಲ್ಲಿ ಕೊಂಡವರಿಗೂ ದಂಡವಿದೆ, ಅದು 7,000 ಯೂರೋವರೆಗೆ ಏರಬಹುದು.

ಅದಕ್ಕೆ ಬದಲು ನಾನು ಕಳುಹಿಸುವುದು ಸಾಂತಾ ಕ್ರೋಚೆ ಚರ್ಚಿನ ಹಿಂಬದಿಗೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಅನಾಥರಾದ ಮಕ್ಕಳಿಗೆ ಒಂದು ಕಸುಬು ಕಲಿಸಬೇಕೆಂದು ಅಲ್ಲಿನ ಫ್ರಾನ್ಸಿಸ್ಕನ್ ಸನ್ಯಾಸಿಗಳು ಚರ್ಮಕುಶಲಿ ಮನೆತನಗಳ ಜೊತೆ ಸೇರಿ 1950ರಲ್ಲಿ ಸ್ಕುವೊಲಾ ದೆಲ್ ಕುವೊಯೊ ಎಂಬ ಚರ್ಮದ ಕೆಲಸದ ಶಾಲೆ ತೆರೆದರು. ಮಠದ ಹಳೆಯ ವಸತಿ ಭಾಗದಲ್ಲಿ ಅದು ಇಂದಿಗೂ ನಡೆಯುತ್ತಿದೆ. ಕತ್ತರಿಸುವುದು, ಹೊಲಿಯುವುದು, ಚಿನ್ನದ ಅಚ್ಚು ಒತ್ತುವುದು ಎಲ್ಲವನ್ನೂ ನಿಂತು ನೋಡಬಹುದು. ಚೀಲದ ಬೆಲೆ ಗಾಡಿ ಅಂಗಡಿಯದಕ್ಕಿಂತ ಎಷ್ಟೋ ಹೆಚ್ಚು, ಸುಳ್ಳು ಹೇಳುವುದಿಲ್ಲ. ಆದರೆ ಒಂದು ಬೆಲ್ಟೋ ಹಣದ ಚೀಲವೋ ನಮ್ಮಂಥವರ ಕೈಗೂ ಎಟುಕುತ್ತದೆ. ಅರ್ನೊ ದಾಟಿದರೆ ಸಿಗುವ ಒಲ್ತ್ರಾರ್ನೊ ಬಡಾವಣೆಯ ಸಣ್ಣ ಕಾರ್ಯಾಗಾರಗಳಿಗೂ ಇದೇ ಮಾತು ಸಲ್ಲುತ್ತದೆ. ಮಧ್ಯಾಹ್ನ ಒಂದರಿಂದ ಮೂರೂವರೆವರೆಗೆ ಅವರಲ್ಲಿ ಹಲವರು ಬಾಗಿಲು ಹಾಕಿ ಊಟಕ್ಕೆ ಹೋಗುತ್ತಾರೆ, ಸೋಮವಾರ ಬೆಳಿಗ್ಗೆ ತೆರೆಯುವುದಿಲ್ಲ, ಆಗಸ್ಟ್ ಮಧ್ಯಭಾಗದಲ್ಲಿ ಊರಲ್ಲೇ ಇರುವುದಿಲ್ಲ. 'ಮರದ ತೊಗಟೆಯಿಂದ ಹದ ಮಾಡಿದ ಚರ್ಮ' ಎಂದು ಯಾರಾದರೂ ಹೇಳಿದರೆ ಟಸ್ಕನಿಯ ಹದಗಾರರ ಒಕ್ಕೂಟದ ಕ್ರಮಸಂಖ್ಯೆ ಇರುವ ಚೀಟಿ ಕೇಳಿ. ಆ ಚರ್ಮ ಮೊದಲು ಬಿರುಸಾಗಿರುತ್ತದೆ, ಬಳಸಿದಂತೆ ಬಣ್ಣ ಗಾಢವಾಗುತ್ತದೆ, ನೀರು ಬಿದ್ದರೆ ಕಲೆ ನಿಲ್ಲುತ್ತದೆ. ಇದು ದೋಷವಲ್ಲ ಎಂದು ಒಪ್ಪುವವರು ಮಾತ್ರ ಕೊಳ್ಳಬೇಕು.

ರೇಷ್ಮೆಯ ಮೋಹವಿರುವವರು ಅದೇ ದಡದ ಸಾನ್ ಫ್ರೆದಿಯಾನೊದಲ್ಲಿರುವ ಅಂತೀಕೊ ಸೆತಿಫೀಚೊಗೆ ಮೊದಲೇ ಸಮಯ ಗೊತ್ತುಮಾಡಿಕೊಂಡು ಹೋಗಿ. 1786ರಿಂದ ನಡೆದುಬಂದ ಈ ಕಾರ್ಖಾನೆಯಲ್ಲಿ ಹದಿನೆಂಟನೆಯ ಶತಮಾನದ ಕೈಮಗ್ಗಗಳು ಇನ್ನೂ ಕೆಲಸ ಮಾಡುತ್ತಿವೆ. ಹಾಸಿನ ಎಳೆಗಳನ್ನು ಸುತ್ತಿ ಹೊಂದಿಸುವ ಯಂತ್ರವೊಂದು ಲಿಯೊನಾರ್ಡೊ ಡ ವಿಂಚಿಯ ರೇಖಾಚಿತ್ರವನ್ನು ಅನುಸರಿಸಿದ್ದು. ಮೀಟರಿನ ಬೆಲೆ ಕೇಳಿದರೆ ನಮ್ಮ ಕೆಎಸ್‌ಐಸಿ ಸೀರೆ ಅಗ್ಗ ಎನಿಸುತ್ತದೆ! ಮೈಸೂರು ಸಂಸ್ಥಾನ 1910ರ ದಶಕದಲ್ಲಿ ರೇಷ್ಮೆ ಕೃಷಿ ಸುಧಾರಣೆಗೆ ಇಟಲಿಯಿಂದಲೇ ವಾಷಿಂಗ್ಟನ್ ಮಾರಿ ಎಂಬ ತಜ್ಞನನ್ನು ಕರೆಸಿಕೊಂಡಿತ್ತು. ಚನ್ನಪಟ್ಟಣದ ರೇಷ್ಮೆ ಕೃಷಿ ಕ್ಷೇತ್ರದ ಆರಂಭವೂ ಆ ಕಾಲದ್ದೇ. ಆದ್ದರಿಂದ ಆ ಮಗ್ಗಗಳ ಮುಂದೆ ನಾವು ತೀರಾ ಹೊರಗಿನವರಂತೆ ನಿಲ್ಲಬೇಕಾಗಿಲ್ಲ.

ದಿನನಿತ್ಯದ ಬಟ್ಟೆಗೆ ಊರಿನವರೇ ಹೋಗುವ ಸಂತೆಗಳಿವೆ. ಮಂಗಳವಾರ ಬೆಳಿಗ್ಗೆ ಕಾಶಿನೆ ಉದ್ಯಾನದ ಉದ್ದಕ್ಕೂ ನಡೆಯುವ ಸಂತೆ ದೊಡ್ಡದು. ಸಾಂತ್ ಅಂಬ್ರೋಜೊ ಮಾರುಕಟ್ಟೆಯ ಹೊರಗೆ ತರಕಾರಿಯ ಪಕ್ಕದಲ್ಲೇ ಬಟ್ಟೆಯ ಗಾಡಿಗಳು ನಿಲ್ಲುತ್ತವೆ. ಕಟ್‌ಪೀಸ್ ರಾಶಿ ಕಂಡರೆ ನಮ್ಮ ಸಂಘದ ಹೊಲಿಗೆ ಬಲ್ಲ ಅಕ್ಕಂದಿರು ಬಿಡಬೇಡಿ, ರವಿಕೆ ಕಣಕ್ಕೆ ಸಾಲುವಷ್ಟು ತುಂಡು ಅದರಲ್ಲಿ ಸಿಕ್ಕೀತು. ಊರ ನಡುವಿನ ಹಂದಿಯ ಕಂಚಿನ ವಿಗ್ರಹದ ಮಂಟಪ, ಅಂದರೆ ಹೊಸ ಮಾರುಕಟ್ಟೆ, ಹದಿನಾರನೆಯ ಶತಮಾನದ ರೇಷ್ಮೆ ವ್ಯಾಪಾರಕ್ಕೆ ಕಟ್ಟಿದ್ದು. ಈಗ ಪ್ರವಾಸಿಗರ ಸಾಮಾನು. ಅದರ ನೆಲದ ನಡುವೆ ಒಂದು ಗುಂಡನೆಯ ಕಲ್ಲಿದೆ, ದಿವಾಳಿಯಾದ ವರ್ತಕರ ಚಡ್ಡಿ ಬಿಚ್ಚಿಸಿ ಅಲ್ಲಿ ಕುಕ್ಕಿಸುತ್ತಿದ್ದರು. ಕ್ರೆಡಿಟ್ ಕಾರ್ಡ್ ಹಿಡಿದುಕೊಂಡು ಅದರ ಮೇಲೆ ನಿಲ್ಲಲು ನನಗೆ ತುಸು ಅಳುಕು.

ಅರ್ಧ ದಿನ ಮಿಕ್ಕಿದ್ದರೆ ಔಟ್‌ಲೆಟ್ ಬಸ್ಸಿನ ಬದಲು ಪ್ರಾತೊ ರೈಲು ಹತ್ತಿ, ಅರ್ಧ ಗಂಟೆಯೂ ಬೇಡ. ಪ್ರಪಂಚದ ಹಳೆಯ ಸ್ವೆಟರುಗಳನ್ನು ತರಿಸಿ, ಬಣ್ಣದ ಪ್ರಕಾರ ವಿಂಗಡಿಸಿ, ಮತ್ತೆ ನಾರಾಗಿ ಬಿಡಿಸಿ ಹೊಸ ಉಣ್ಣೆ ಬಟ್ಟೆ ನೇಯುವುದು ಹತ್ತೊಂಬತ್ತನೆಯ ಶತಮಾನದಿಂದ ಆ ಊರಿನ ಕಸುಬು. ಬಣ್ಣ ಬೇರ್ಪಡಿಸುವುದರಿಂದ ಮತ್ತೆ ಬಣ್ಣ ಹಾಕುವ ಖರ್ಚೂ ನೀರೂ ಉಳಿಯುತ್ತದೆ. ಹಳೆಯ ಗಿರಣಿಯೊಂದರಲ್ಲಿರುವ ಜವಳಿ ಸಂಗ್ರಹಾಲಯದಲ್ಲಿ ಇದನ್ನೆಲ್ಲ ವಿವರಿಸಿದ್ದಾರೆ. ಪ್ರಾತೊಗೆ ಇನ್ನೊಂದು ಮುಖವೂ ಇದೆ. 2013ರ ಡಿಸೆಂಬರ್ 1ರಂದು ಅಲ್ಲಿನ ಒಂದು ಸಿದ್ಧ ಉಡುಪಿನ ಕಾರ್ಖಾನೆಗೆ ಬೆಂಕಿ ಬಿದ್ದು, ಅದರೊಳಗೇ ಮಲಗುತ್ತಿದ್ದ ಏಳು ಮಂದಿ ಚೀನೀ ಕೆಲಸಗಾರರು ಸತ್ತರು. 'ಮೇಡ್ ಇನ್ ಇಟಲಿ' ಎಂಬ ಚೀಟಿ ಹೊಲಿದ ದೇಶವನ್ನು ಹೇಳುತ್ತದೆ, ಹೊಲಿದವರ ಪಾಡನ್ನು ಹೇಳುವುದಿಲ್ಲ. ಐದು ಯೂರೋದ ಅಂಗಿಯ ರಾಶಿಯ ಮುಂದೆ ನನಗೆ ಇದು ನೆನಪಾಗುತ್ತದೆ.

ರಿಯಾಯಿತಿ ಮಾರಾಟ ವರ್ಷಕ್ಕೆ ಎರಡು ಬಾರಿ: ಜನವರಿಯ ಮೊದಲ ವಾರ ಮತ್ತು ಜುಲೈಯ ಮೊದಲ ಶನಿವಾರದಿಂದ. ಬೇಸಿಗೆಯಲ್ಲಿ ಅಪ್ಪ ಅಮ್ಮಂದಿರನ್ನು ಕರೆಸಿಕೊಂಡಿರುವವರು ಜುಲೈವರೆಗೆ ಕಾದರೆ ಒಳ್ಳೆಯದು, ಇನ್ನೊಂದು ಲಾಭವೂ ಇದೆ. ಇಲ್ಲಿ ನೆಲೆಸಿರುವ ನಮಗೆ ತೆರಿಗೆ ಮರಳಿ ಸಿಗುವುದಿಲ್ಲ, ಭಾರತದಿಂದ ಪ್ರವಾಸಕ್ಕೆ ಬಂದವರಿಗೆ ಸಿಗುತ್ತದೆ. ಇಟಲಿಯಲ್ಲಿ ಬಟ್ಟೆ, ಚರ್ಮದ ಸಾಮಾನುಗಳ ಮೇಲಿನ ತೆರಿಗೆ ಶೇಕಡ 22. ಮೊದಲು ಒಂದೇ ಅಂಗಡಿಯಲ್ಲಿ 154.94 ಯೂರೋ ದಾಟಿದರೆ ಮಾತ್ರ ಈ ಸೌಲಭ್ಯವಿತ್ತು, 2024ರ ಫೆಬ್ರುವರಿಯಿಂದ 70 ಯೂರೋ ದಾಟಿದರೆ ಸಾಕು. ತೆರಿಗೆ ಮರಳಿಸಿಕೊಡುವ ಮಧ್ಯವರ್ತಿ ಸಂಸ್ಥೆಯ ಪಾಲು ಕಳೆದ ಮೇಲೆ ಕೈಗೆ ಬರುವುದು 22ಕ್ಕಿಂತ ಕಡಿಮೆ ಎನ್ನುವುದು ತಿಳಿದಿರಲಿ. ಅಮ್ಮನ ಪಾಸ್‌ಪೋರ್ಟನ್ನು ಅಂಗಡಿಯಲ್ಲೇ ತೋರಿಸಿ ಅವರ ಹೆಸರಿನಲ್ಲೇ ಕಾಗದ ಮಾಡಿಸಬೇಕು, ಕೊಂಡ ತಿಂಗಳು ಮುಗಿದ ಮೂರು ತಿಂಗಳೊಳಗೆ ಸಾಮಾನು ಯುರೋಪಿನ ಒಕ್ಕೂಟದಿಂದ ಹೊರಗೆ ಹೋಗಬೇಕು. ಅವರು ಫ್ರಾಂಕ್‌ಫರ್ಟಿನಿಂದ ವಿಮಾನ ಹತ್ತುವುದಾದರೆ ಆ ಕಾಗದಕ್ಕೆ ಮುದ್ರೆ ಹಾಕಿಸುವುದು ಅಲ್ಲಿನ ಕಸ್ಟಮ್ಸ್‌ನಲ್ಲಿ. ಸಾಮಾನು ತೋರಿಸಿ ಎಂದು ಅಧಿಕಾರಿ ಕೇಳಬಹುದು. ಆದ್ದರಿಂದ ಆ ಚೀಲವನ್ನು ದೊಡ್ಡ ಸೂಟ್‌ಕೇಸಿನ ತಳದಲ್ಲಿ, ಚಕ್ಕುಲಿ ಡಬ್ಬಿಯ ಕೆಳಗೆ ಇಟ್ಟು ಮೊದಲೇ ಚೆಕ್-ಇನ್ ಮಾಡಿಬಿಡಬೇಡಿ.