ಕತೆಯ ಕೊನೆಯನ್ನು ಕತೆಗಾರರಿಗೇ ಬಿಡಿ

ಮಾನ್ಯರೇ,

ನಮ್ಮ ಓಣಿಯ ವಿದ್ಯಾರ್ಥಿನಿಯೊಬ್ಬಳು ಸ್ಪರ್ಧೆಯೊಂದಕ್ಕೆ ವೈಜ್ಞಾನಿಕ ಕತೆ ಬರೆದಿದ್ದಳು. ನೂರು ವರ್ಷಗಳ ಬಳಿಕ ಮಲಪ್ರಭೆಯ ನವಿಲುತೀರ್ಥ ಜಲಾಶಯ ಬತ್ತುತ್ತ ಬಂದು, ಉಳಿದ ನೀರನ್ನು ಹುಬ್ಬಳ್ಳಿ-ಧಾರವಾಡದ ಯಾವ ಓಣಿಗೆ ಯಾವಾಗ ಬಿಡಬೇಕೆಂಬುದನ್ನು ಯಂತ್ರವೊಂದು ತೀರ್ಮಾನಿಸುತ್ತದೆ. ಕೊನೆಗೊಂದು ದಿನ ಅದು ಒಂದು ಓಣಿಯನ್ನೇ ಪಟ್ಟಿಯಿಂದ ಕೈಬಿಡುತ್ತದೆ. ನಳಕ್ಕೆ ನೀರು ಬರುವ ದಿನವನ್ನು ಕಾಯುತ್ತ ಬೆಳೆದ ಹುಡುಗಿಗೆ ಹೊಳೆಯಬಹುದಾದ ಕತೆಯೇ ಇದು. ಆದರೆ ಸ್ಪರ್ಧೆಯ ಸಂಘಟಕರು ಅಚ್ಚು ಹಾಕಿಸಿದ ಸಂಕಲನದಲ್ಲಿ ಮಳೆ ಸುರಿದು, ಜಲಾಶಯ ತುಂಬಿ, ಎಲ್ಲರೂ ನಲಿದಾಡಿದ್ದರು. ತಿದ್ದುವ ಮೊದಲು ಅವಳನ್ನು ಒಂದು ಮಾತು ಕೇಳಿರಲಿಲ್ಲ. ವಿಚಾರಿಸಿದಾಗ, ಕತೆ ವೈಜ್ಞಾನಿಕವಾಗಿ ಅಸಂಭವವೆಂದೂ ಮಕ್ಕಳಲ್ಲಿ ನಿರಾಶೆ ಹುಟ್ಟಿಸುತ್ತದೆಂದೂ ಉತ್ತರ ಬಂತು.

ಮೂರು ದಶಕ ಭೌತಶಾಸ್ತ್ರ ಕಲಿಸಿದ ನಾನು ಮೊದಲನೆಯ ಕಾರಣವನ್ನು ಒಪ್ಪಲಾರೆ. ಫ್ರಾನ್ಸಿನ ಕತೆಗಾರ ಜೂಲ್ ವರ್ನ್ 1865ರ ತಮ್ಮ ಕಾದಂಬರಿಯಲ್ಲಿ ಮೂವರನ್ನು ಚಂದ್ರನತ್ತ ಕಳಿಸಲು ಫ್ಲೋರಿಡಾದಲ್ಲಿ ಭಾರಿ ತೋಪೊಂದನ್ನು ಹೂಡಿದರು. ಅಂಥ ತೋಪಿನಿಂದ ಸಿಡಿದವರು ವೇಗೋತ್ಕರ್ಷದ ಹೊಡೆತಕ್ಕೇ ಸತ್ತುಹೋಗುತ್ತಾರೆ. ಆದರೂ ವರ್ನರ ಕತೆಗಳೇ ತನ್ನಲ್ಲಿ ಬಾಹ್ಯಾಕಾಶಯಾನದ ಕನಸಿನ ಬೀಜ ಬಿತ್ತಿದವೆಂದು ಹೇಳಿಕೊಂಡ ರಷ್ಯಾದ ಶಾಲಾಶಿಕ್ಷಕ ತ್ಸಿಯೋಲ್ಕೋವ್‌ಸ್ಕಿ, ತೋಪು ಒದಗದೆಂದು ಲೆಕ್ಕ ಹಾಕಿ, ರಾಕೆಟ್ಟಿನ ದಾರಿ ಹಿಡಿದು, 1903ರಲ್ಲಿ ತಮ್ಮ ಪ್ರಬಂಧವನ್ನು ಪ್ರಕಟಿಸಿದರು. ವರ್ನರ ತೋಪನ್ನು ಯಾರಾದರೂ ಮೊದಲೇ ಕತೆಯಿಂದ ತೆಗೆದುಹಾಕಿದ್ದರೆ ಆ ಶಿಕ್ಷಕರ ಲೆಕ್ಕ ಎಲ್ಲಿಂದ ಶುರುವಾಗಬೇಕಿತ್ತು?

ಎರಡನೆಯ ಕಾರಣ ಇನ್ನೂ ಅಪಾಯಕಾರಿ. ಪುಸ್ತಕಗಳನ್ನು ಸುಡುವ ನಾಡೊಂದನ್ನು ಕಲ್ಪಿಸಿದ ಅಮೆರಿಕದ ಲೇಖಕ ರೇ ಬ್ರಾಡ್‌ಬರಿಯವರ ‘ಫ್ಯಾರನ್‌ಹೀಟ್ 451’ ಕಾದಂಬರಿ 1953ರಲ್ಲಿ ಬಂತು. 1967ರಲ್ಲಿ ಶಾಲಾಮಕ್ಕಳಿಗೆಂದು ತಂದ ಆವೃತ್ತಿಯಲ್ಲಿ ಪ್ರಕಾಶಕರು ಲೇಖಕರಿಗೆ ತಿಳಿಸದೆಯೇ ಸುಮಾರು 75 ಕಡೆ ಕೈಯಾಡಿಸಿದರು. ಅದು ಲೇಖಕರ ಗಮನಕ್ಕೆ ಬರುವ ಹೊತ್ತಿಗೆ ಹತ್ತಕ್ಕೂ ಹೆಚ್ಚು ವರ್ಷ ಕಳೆದಿದ್ದವು. ಅವರು ಪಟ್ಟು ಹಿಡಿದು ಮೂಲಪಾಠವನ್ನು ಮತ್ತೆ ಅಚ್ಚು ಹಾಕಿಸಿದರು. ಅಲ್ಲಿ ಸರ್ಕಾರದ ನಿಷೇಧವೇನೂ ಇರಲಿಲ್ಲ, ಮಕ್ಕಳ ಹಿತದ ಹೆಸರಿನಲ್ಲೇ ಕತ್ತರಿ ಆಡಿತ್ತು.

ಕತೆ ಹಿಡಿಸದಿದ್ದರೆ ಕಡಿಮೆ ಅಂಕ ಕೊಡಲಿ, ತಿರಸ್ಕರಿಸಲಿ. ಅದು ತೀರ್ಪುಗಾರರ ಹಕ್ಕು. ಕಾಗುಣಿತ ತಿದ್ದುವುದಕ್ಕೂ ನನ್ನ ತಕರಾರಿಲ್ಲ. ಆದರೆ ಹೊಸ ಕತೆಯೊಂದನ್ನು ಬರೆಯುತ್ತಿರುವ ಆ ಹುಡುಗಿ ಮೊನ್ನೆ, “ಸರ್, ಕೊನೆ ಹ್ಯಾಂಗಿದ್ರ ಅವರು ಒಪ್ತಾರ?” ಎಂದು ಕೇಳಿದಳು. ಹಿಂದೆ ಅವಳು ಹೀಗೆ ಕೇಳಿದವಳಲ್ಲ.

ಸಂಕಲನದ ಮರುಮುದ್ರಣದಲ್ಲಿ ಅವಳು ಬರೆದ ಕೊನೆಯನ್ನೇ ಅಚ್ಚು ಹಾಕಬೇಕು. ಲೇಖಕರ ಒಪ್ಪಿಗೆಯಿಲ್ಲದೆ ಪಾಠ ಬದಲಿಸುವುದಿಲ್ಲವೆಂಬ ಒಂದು ಸಾಲನ್ನು ಇಂಥ ಸ್ಪರ್ಧೆಗಳ ನಿಯಮಗಳಲ್ಲಿ ಸೇರಿಸಬೇಕೆಂದು ಸಂಘಟಕರನ್ನು ಕೋರುತ್ತೇನೆ.

– ನಿವೃತ್ತ ಉಪನ್ಯಾಸಕ, ಸಪ್ತಾಪುರ, ಧಾರವಾಡ