ಮೀನೆಣ್ಣೆ ಹೆಪಟೈಟಿಸ್‌ಗೆ ಮದ್ದಲ್ಲ

ಮಾನ್ಯ ಸಂಪಾದಕರೇ,

ವೈರಸ್‌ನಿಂದ ಬರುವ ಯಕೃತ್ತಿನ ಉರಿಯೂತವಾದ ಹೆಪಟೈಟಿಸ್ ಬಿ, ಸಿ ಇರುವವರು ‘ಲಿವರ್ ಶಕ್ತಿಗೆ’ ಎಂದು ವೈದ್ಯರ ಚೀಟಿಯಿಲ್ಲದೆ ಮೀನೆಣ್ಣೆ ಕ್ಯಾಪ್ಸೂಲ್ ಕೊಂಡು ನುಂಗುವ ರೂಢಿ ನಿಲ್ಲಬೇಕು.

ಮೀನೆಣ್ಣೆಯ ಒಮೆಗಾ-3 ಎಂಬ ಕೊಬ್ಬಿನಾಮ್ಲ ರಕ್ತದಲ್ಲಿನ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಇಳಿಸುತ್ತದೆ, ನಿಜ. ಆದರೆ ವೈರಸ್ಸನ್ನು ದೇಹದಿಂದ ಓಡಿಸುವುದಿಲ್ಲ. ಟ್ರೈಗ್ಲಿಸರೈಡ್ ಇಳಿಸಲೂ ದಿನಕ್ಕೆ 2ರಿಂದ 4 ಗ್ರಾಂ ಒಮೆಗಾ-3 ಬೇಕು. 1000 ಮಿ.ಗ್ರಾಂ ಎಂದು ದಪ್ಪಕ್ಷರದಲ್ಲಿ ಬರೆದ ಸಾಮಾನ್ಯ ಕ್ಯಾಪ್ಸೂಲಿನ ಡಬ್ಬಿ ತಿರುಗಿಸಿ ಓದಿ: ಒಮೆಗಾ-3ರ ಎರಡು ಬಗೆಗಳಾದ ಇಪಿಎ 180, ಡಿಎಚ್‌ಎ 120, ಒಟ್ಟು 300 ಮಿ.ಗ್ರಾಂ ಅಷ್ಟೇ. ಕಾಡ್ ಮೀನಿನ ಯಕೃತ್ತಿನಿಂದ ತೆಗೆಯುವ ಕಾಡ್ ಲಿವರ್ ಎಣ್ಣೆಯ ಕತೆಯೇ ಬೇರೆ. ಅದರಲ್ಲಿ ವಿಟಮಿನ್ ಎ ಇರುತ್ತದೆ. ಅತಿಯಾದರೆ ಅದು ಯಕೃತ್ತಿಗೇ ವಿಷ. ಸಿರೋಸಿಸ್‌ನಿಂದ (ಯಕೃತ್ತು ಗಾಯಗೊಂಡು ಗಟ್ಟಿಯಾಗುವ ರೋಗ) ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕುಸಿದವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಹೆಚ್ಚು ಪ್ರಮಾಣದ ಮೀನೆಣ್ಣೆಗೆ ಮುನ್ನ ವೈದ್ಯರನ್ನು ಕೇಳಲೇಬೇಕು.

ಇದಕ್ಕಿಂತ ದೊಡ್ಡ ಅಪಾಯವೆಂದರೆ, ಕ್ಯಾಪ್ಸೂಲ್ ನಂಬಿ ವೈರಸ್ ಹತ್ತಿಕ್ಕುವ ಟೆನೊಫೊವಿರ್ ಮಾತ್ರೆ ಬಿಟ್ಟವರಲ್ಲಿ ಹೆಪಟೈಟಿಸ್ ಬಿ ದಿಢೀರನೆ ಕೆರಳಬಹುದು. ಹೆಪಟೈಟಿಸ್ ಸಿ ಅಂತೂ ಸೊಫೊಸ್ಬುವಿರ್, ಡಕ್ಲಾಟಾಸ್ವಿರ್ ಮಾತ್ರೆಗಳಿಂದ ಸಾಮಾನ್ಯವಾಗಿ 12 ವಾರಗಳಲ್ಲಿ ಬಹುತೇಕರಿಗೆ ವಾಸಿಯಾಗುತ್ತದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಔಷಧ ಎರಡೂ ಉಚಿತ. ಹೀಗಿರುವಾಗ ಡಬ್ಬಿಗೆ ನೂರಾರು ರೂಪಾಯಿ ಸುರಿಯುವುದೇಕೆ?

ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್, ಜಗತ್ ವೃತ್ತದ ಔಷಧ ಅಂಗಡಿಗಳ ಗಲ್ಲಾದ ಮುಂದೆಯೇ ಈ ಉಚಿತ ಚಿಕಿತ್ಸಾ ಕೇಂದ್ರದ ವಿಳಾಸ, ವೇಳೆ ತಿಳಿಸುವ ಕನ್ನಡ ಹಾಗೂ ಉರ್ದು ಫಲಕ ಹಾಕಿಸಲು ಜಿಲ್ಲಾ ಆರೋಗ್ಯ ಇಲಾಖೆ ಮುಂದಾಗಲಿ.

– ಓದುಗ, ಕಲಬುರಗಿ